ಒರಗಿದ್ದನ್ನು ಸಹಿಸದ ಬೈಕು

"ತಳ್ಳಿ ಭಾವ! ಹೆದರಬೇಡಿ, ಜೋರಾಗಿ ತಳ್ಳಿ!" ಎಂದ ನನ್ನ ಬಾಮೈದ ಚೆಲುವರಾಜ.

ನಾನು ತಳ್ಳಲಿಲ್ಲ. ಹದಿನಾಲ್ಕು ವರ್ಷದಿಂದ ನನ್ನ ಅನ್ನ ಹೊತ್ತು ತಿರುಗಿದ ಬೈಕು ಅದು. ಅದನ್ನು ಅವನು ನಮ್ಮ ಮನೆಯ ಮುಂದೆ, ಬಚ್ಚಲ ನೀರು ಹರಿದು ಕೆಸರಾದ ಜಾಗವನ್ನೇ ಹುಡುಕಿ, ಒಂಟಿ ಕಾಲಿನ ಮೇಲೆ ನಿಲ್ಲಿಸಿದ್ದ. ಸೈಡ್ ಸ್ಟ್ಯಾಂಡ್ ಹಾಕಿದ ಬೈಕು ಎಂದರೆ ಎಡಕ್ಕೆ ಒಂದಿಷ್ಟು ವಾಲಿಕೊಂಡು, ಅರಳಿಕಟ್ಟೆಯ ಮೇಲೆ ಕೂತ ಮುದುಕನ ಹಾಗೆ ಇರಬೇಕು. ಇದು ಪೆರೇಡಿಗೆ ನಿಂತ ಪೊಲೀಸಿನವನ ಹಾಗೆ ನೆಟ್ಟಗೆ ನಿಂತಿತ್ತು. ನೋಡಿದರೆ ನಾನೇ ಬೆನ್ನು ನೆಟ್ಟಗೆ ಮಾಡಿಕೊಳ್ಳಬೇಕು ಅನಿಸುತ್ತಿತ್ತು.

"ನನ್ನ ತಮ್ಮ ಅಷ್ಟು ಹೇಳ್ತಾವ್ನೆ, ತಳ್ಳೀ ಅಂದ್ರೆ!" ಎಂದು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಕನಕಮ್ಮ ಕೂಗಿದಳು. "ರಾಗಿಮುದ್ದೆ ಯಂತ್ರ ಮಾಡ್ದಾಗಲೂ ಹಿಂಗೇ ಹಿಂದೆ ಸರಿದ್ರಿ!"

"ಸರಿಯದೆ ಇದ್ದಿದ್ರೆ ಇವತ್ತು ನಾನೆಲ್ಲಿರುತಿದ್ದೆ? ಆ ಮುದ್ದೆ ಇನ್ನೂ ಸೂರಿನ ತೊಲೇಲೇ ಐತೆ!"

ಆದರೂ ಒಂದು ಬೆರಳಿನಿಂದ ತಳ್ಳಿದೆ. ಅಲುಗಲಿಲ್ಲ. ಅಂಗೈಯಿಂದ ತಳ್ಳಿದೆ. ಊಹೂಂ. ಹೆಗಲು ಕೊಟ್ಟು ತಳ್ಳಿದೆ. ಆಗ ಕೆಸರಿನೊಳಗೆ ಏನೋ ಬಿಚ್ಚಿಕೊಂಡ ಹಾಗಾಯಿತು. ಬೈಕು ನನ್ನನ್ನು ತಿರುಗಿ ತಳ್ಳಿತು! ನಾನು ಕೆಸರಿನಲ್ಲಿ ಕೂತೆ. ಬೈಕು ನಿಂತೇ ಇತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಎಮ್ಮೆ ಬಂತು. ನನ್ನ ಬೈಕಿಗೆ ಸೊಂಟ ಉಜ್ಜುವುದು ಅದರ ಪಿತ್ರಾರ್ಜಿತ ಹಕ್ಕು. ಎರಡು ಸಲ ಕೆಡವಿಯೂ ಇದೆ. ಎಂದಿನಂತೆ ಬಂದು ಒರಗಿತು. ಬೈಕಿನ ಕೆಳಗಿನ ಒಂಟಿ ಕಾಲು ಮೆಲ್ಲಗೆ ಜಾಗ ಬದಲಿಸಿ, ಮೇಲಕ್ಕೆದ್ದು, ಎಮ್ಮೆಯ ಪಕ್ಕೆಗೆ ಆತುಕೊಂಡು ಅದನ್ನು ನೆಟ್ಟಗೆ ನಿಲ್ಲಿಸಿತು. ಎಮ್ಮೆ ಬೈಕನ್ನು ಒಮ್ಮೆ ನೋಡಿತು, ನನ್ನನ್ನು ಒಮ್ಮೆ ನೋಡಿತು, ಮರ್ಯಾದೆಯಿಂದ ಹೊರಟುಹೋಯಿತು.

"ನೋಡಿದ್ರಾ!" ಎಂದು ಚೆಲುವರಾಜ ಎದೆ ಉಬ್ಬಿಸಿದ. "ಇದರ ಹೆಸರು ಭದ್ರಪಾದ!"

ಚೆಲುವರಾಜ ಪಟ್ಟಣದಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟವನು. ಅವನ ತಲೆಯೊಳಗೂ ಯಾವುದೋ ಮೋಟಾರು ಸುತ್ತುತ್ತಲೇ ಇರುತ್ತದೆ. ರಾತ್ರಿ ಕೋಳಿ ಒಂದೇ ಕಾಲಲ್ಲಿ ನಿಂತು ನಿದ್ದೆ ಮಾಡಿದರೂ ಯಾಕೆ ಬೀಳುವುದಿಲ್ಲ ಎಂದು ಆರು ತಿಂಗಳು ಯೋಚಿಸಿ ಇದನ್ನು ಮಾಡಿದ್ದ. ಮುಂದೆ ಮೂರು, ಹಿಂದೆ ಒಂದು ಬೆರಳಿರುವ ಕಬ್ಬಿಣದ ಕೋಳಿಕಾಲು. ಮೆತ್ತನೆ ನೆಲವಾದರೆ ಬೆರಳು ಅಗಲಿಸುತ್ತದೆ, ಗಟ್ಟಿ ನೆಲವಾದರೆ ಕಚ್ಚಿಕೊಳ್ಳುತ್ತದೆ. ಕಾಲಿನ ಕೋಲು ಒಂದರೊಳಗೊಂದು ಸೇರಿಕೊಂಡಿದ್ದು, ಬೇಕೆಂದಾಗ ಆಳೆತ್ತರಕ್ಕೂ ಮೀರಿ ಚಾಚುತ್ತದೆ. ಸೀಟಿನ ಕೆಳಗೆ ಸದಾ ತಿರುಗುವ ಒಂದು ಬುಗುರಿ. ಕಾಲು ಬೇರೆ ಕೆಲಸಕ್ಕೆ ಹೋದರೂ ಬೈಕು ಬೀಳದಂತೆ ಅದು ಹಿಡಿದುಕೊಳ್ಳುತ್ತದೆ. ನಾಲ್ಕು ಹೆಜ್ಜೆ ತಾನೇ ಉರುಳಲು ಒಂದು ಸಣ್ಣ ಮೋಟಾರು. ಹೆಡ್‌ಲೈಟಿನ ಪಕ್ಕ ಒಂದು ಕಣ್ಣು.

"ಕಣ್ಣು ಯಾಕೋ?" ಎಂದೆ.

"ಕಲಿಯೋಕೆ ಭಾವ! ಇಪ್ಪತ್ತೊಂದು ದಿವಸ ನಿಮ್ಮ ನಡುಮನೇಲೇ ನಿಲ್ಸಿದ್ನಲ್ಲ, ಯಾವುದು ನಿಲ್ಲುತ್ತೆ, ಯಾವುದು ಬೀಳುತ್ತೆ ಅಂತ ಅದೇ ನೋಡಿ ಕಲ್ತಿದೆ. ನಾನು ಒಂದಕ್ಷರ ಹೇಳಿಕೊಟ್ಟಿಲ್ಲ!"

ಇಷ್ಟು ದೊಡ್ಡ ಯಂತ್ರ ನನ್ನಂಥವನಿಗೆ ಯಾಕೆ ಬೇಕಾಯಿತು ಎಂಬುದನ್ನು ಹೇಳಬೇಕು. ನಾನು ಬಳೆಗಾರ, ಹೆಸರು ತಿರುಮಲಶೆಟ್ಟಿ. ನಮ್ಮ ತಾತ ಬಳೆಯ ಮಲಾರವನ್ನು ಹೆಗಲ ಮೇಲೆ ಹೊತ್ತು ಹಳ್ಳಿ ಸುತ್ತಿದ. ಅಪ್ಪ ಸೈಕಲ್ಲಿಗೆ ಕಟ್ಟಿದ. ನಾನು ಬೈಕಿಗೆ ಕಟ್ಟುತ್ತೇನೆ. ಹಿಂದೆ ಗಾಜಿನ ಬಳೆಯ ಪೆಟ್ಟಿಗೆ, ಎರಡು ಪಕ್ಕಕ್ಕೆ ಹಗ್ಗಕ್ಕೆ ಪೋಣಿಸಿದ ಮಲಾರ. ಭಾರವೆಲ್ಲ ಮೇಲೆ, ಕೆಳಗೆ ಒಂದು ಬೆರಳು ಗಾತ್ರದ ಸ್ಟ್ಯಾಂಡು. ನಾನೇನು ಅಜಾಗರೂಕನಲ್ಲ. ಇಳಿಜಾರಿನಲ್ಲಿ ಮುಖ ಏರಿನ ಕಡೆಗೆ ಮಾಡಿಯೇ ನಿಲ್ಲಿಸುತ್ತೇನೆ, ಹ್ಯಾಂಡಲ್ಲು ಎಡಕ್ಕೆ ತಿರುಗಿಸುತ್ತೇನೆ, ಫಸ್ಟ್ ಗೇರಿಗೆ ಹಾಕುತ್ತೇನೆ, ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲು ಕೊಡುತ್ತೇನೆ. ಆದರೂ ಗೆಜ್ಜೆಗುಂಟೆಯಲ್ಲಿ ಎರಡು ಸಲ ಬಿತ್ತು. ಎರಡು ಸಲವೂ ಗೌಡತಿ ದೇವೀರಮ್ಮನವರ ಬಾಗಿಲಲ್ಲೇ ಬಿತ್ತು.

ಬಳೆ ಒಡೆಯಿತು ಎಂದು ನಾವು ಬಾಯಿಬಿಟ್ಟು ಹೇಳುವುದಿಲ್ಲ, ಹೆಚ್ಚಿತು ಎನ್ನುತ್ತೇವೆ. ಹೇಗೆ ಹೇಳಿದರೂ ಚೂರು ಚೂರೇ. ಎರಡನೇ ಸಲ ಬಿದ್ದಾಗ ಆ ಮನೆಯ ಸೊಸೆ ಹೇಮಾವತಿಗೆ ಮೂರು ತಿಂಗಳು. ಆ ಬಸಿರು ನಿಲ್ಲಲಿಲ್ಲ. ಮನೆಯವರು ನನಗೆ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ನನಗೆ ಹೆಚ್ಚು ತಾಗಿತು.

ಈಗ ಅದೇ ಹೇಮಾವತಿಗೆ ಏಳು ತಿಂಗಳು ತುಂಬಿತ್ತು. ಸೀಮಂತಕ್ಕೆ ಹಸಿರು ಬಳೆ ತೊಡಿಸಬೇಕು. ಸಂತೆಯಲ್ಲಿ ಸಿಕ್ಕ ದೇವೀರಮ್ಮ ಕೋಲೂರಿಕೊಂಡು ನಿಂತು ಮೆಲ್ಲಗೆ ಹೇಳಿದ್ದರು: "ಬಳೇಶೆಟ್ಟಿ, ನಿನ್ನ ಮ್ಯಾಲೆ ಸಿಟ್ಟಿಲ್ಲ. ಆದ್ರೆ ಸೊಸೆ ಬಲು ಹೆದರವಳೆ. ಈ ಸಲ ನಮ್ಮ ಬಾಗ್ಲಲ್ಲಿ ಒಂದೇ ಒಂದು ಬಳೆ ಹೆಚ್ಚಿದ್ರೂ, ನಾಳೆಯಿಂದ ಊರಿಗೆ ಬ್ಯಾರೆಯೋರನ್ನ ಕರೀತೀವಿ."

ಮೂರು ತಲೆಮಾರು ನಡೆದ ಊರು. ಅದಕ್ಕೇ ನಾನು ಚೆಲುವರಾಜನ ಕೈಗೆ ಬೈಕು ಕೊಟ್ಟದ್ದು. ಬುದ್ಧಿ ಇದ್ದು ಕೊಟ್ಟದ್ದಲ್ಲ, ಭಯ ಇದ್ದು ಕೊಟ್ಟದ್ದು.

*

ಸೀಮಂತದ ದಿನ ಬೆಳಿಗ್ಗೆ ಎಂಟಕ್ಕೆ ಹೊರಟೆವು. ಮುಂದೆ ನಾನು, ಹಿಂದೆ ಪೆಟ್ಟಿಗೆ ಅಪ್ಪಿಕೊಂಡು ಚೆಲುವರಾಜ. ನೇರ ರಸ್ತೆಯಲ್ಲಿ ಬೈಕು ಹೂವಿನ ಹಾಗೆ ಹೋಯಿತು. ಮೊದಲ ತಿರುವಿನಲ್ಲಿ ವಾಲಲು ಒಪ್ಪಲಿಲ್ಲ!

"ಏನೋ ಇದು, ತಿರುಗ್ತಾನೇ ಇಲ್ವಲ್ಲೋ!"

"ಬುಗುರಿ ಹಿಡ್ಕಂಡೈತೆ ಭಾವ. ನಿಧಾನಕ್ಕೆ ತಿರುಗ್ಸಿ. ವಾಲೋದು ಒಳ್ಳೇದಲ್ಲ ಅಂತ ಅದರ ಅಭಿಪ್ರಾಯ."

ಅದರ ಅಭಿಪ್ರಾಯಕ್ಕೆ ತಲೆಬಾಗಿ, ಪ್ರತಿ ತಿರುವಿನಲ್ಲೂ ಎತ್ತಿನ ಗಾಡಿ ತಿರುಗಿಸಿದ ಹಾಗೆ ತಿರುಗಿಸಿಕೊಂಡು ಕೈಮರದ ಹತ್ತಿರದ ಟೀ ಅಂಗಡಿಗೆ ಬಂದೆವು. ಅಲ್ಲಿ ಒಂಬತ್ತು ಬೈಕು ಸಾಲಾಗಿ ಸೈಡ್ ಸ್ಟ್ಯಾಂಡ್ ಹಾಕಿಕೊಂಡು ನಿಂತಿದ್ದವು. ಒಂಬತ್ತೂ ಎಡಕ್ಕೆ ವಾಲಿದ್ದವು. ಸಾಲಿನ ಎಡತುದಿಯಲ್ಲಿ ನಮ್ಮದನ್ನು ನಿಲ್ಲಿಸಿ ಇಳಿದೆವು.

ಅಂಗಡಿಯ ಗೋಡೆಗೆ ಒರಗಿ ಒಬ್ಬ ಅಜ್ಜ ಟೀ ಹೀರುತ್ತಿದ್ದ. ನಮ್ಮ ಬೈಕು ನಾಲ್ಕು ಹೆಜ್ಜೆ ತಾನೇ ಉರುಳಿತು. ಕಾಲು ಚಾಚಿ ಅಜ್ಜನ ಬೆನ್ನಿಗೂ ಗೋಡೆಗೂ ಮಧ್ಯೆ ತೂರಿಸಿ ಅವನನ್ನು ನೆಟ್ಟಗೆ ನಿಲ್ಲಿಸಿತು.

"ಯಾವನ್ಲಾ ಅವನು ನನ್ನ ತಳ್ಳೋನು!" ಅಜ್ಜ ತಿರುಗಿ ನೋಡಿದರೆ ಯಾರೂ ಇಲ್ಲ, ಒಂದು ಬೈಕು. ಅವನು ಮತ್ತೆ ಒರಗಿದ. ಅದು ಮತ್ತೆ ನಿಲ್ಲಿಸಿತು. ಮೂರನೇ ಸಲಕ್ಕೆ ಅಜ್ಜ ಟೀ ಲೋಟ ಕೆಳಗಿಟ್ಟು ಬೈಕಿಗೆ ಕೈಮುಗಿದ.

ಬೆಂಚಿನ ಮೇಲೆ ಒಬ್ಬ ತೂಕಡಿಸುತ್ತಿದ್ದ. ಅವನ ತಲೆ ಎದೆಯ ಮೇಲೆ ಬಿದ್ದಾಗಲೆಲ್ಲ ಕಬ್ಬಿಣದ ಕೋಳಿಬೆರಳು ಗದ್ದ ಹಿಡಿದು ಎತ್ತುತ್ತಿತ್ತು. ಅವನು ಕಣ್ಣು ಬಿಟ್ಟ, ಕೋಳಿಕಾಲು ಕಂಡ, "ಇವತ್ತು ಸೋಮವಾರ ಅಲ್ವಾ, ಬೇಡ" ಎಂದು ಮತ್ತೆ ಕಣ್ಣು ಮುಚ್ಚಿದ.

ಆಮೇಲೆ ಅದು ಸಾಲಿಗೆ ವಾಪಸ್ ಉರುಳಿತು. ಅಲ್ಲಿ ಅದಕ್ಕೆ ಪಕ್ಕದ ಬೈಕುಗಳು ಕಂಡವು.

ಕಾಲನ್ನು ಹೊಟ್ಟೆಯಡಿಯಿಂದ ಬಲಕ್ಕೆ ತೂರಿಸಿ ಮೊದಲನೆಯದನ್ನು ನೆಟ್ಟಗೆ ಮಾಡಿತು. ಕೆಲಸವಾಯಿತೆಂದು ಕಾಲು ಹಿಂದಕ್ಕೆ ಎಳೆದುಕೊಂಡಿತು. ಸ್ಟ್ಯಾಂಡು ನೆಲ ಬಿಟ್ಟ ಆ ಬೈಕು ಒಂದು ಗಳಿಗೆ ಯೋಚಿಸಿ ಆ ಕಡೆಗೆ ಬಿತ್ತು. ಅದು ಎರಡನೆಯದರ ಮೇಲೆ, ಎರಡನೆಯದು ಮೂರನೆಯದರ ಮೇಲೆ. ಧಡ್ ಧಡ್ ಧಡ್! ಒಂಬತ್ತೂ ಮಲಗಿದವು. ಭದ್ರಪಾದಕ್ಕೆ ಎದೆಯೇ ಒಡೆದ ಹಾಗಾಯಿತೇನೋ, ಗಿರ್ ಎಂದು ಓಡಿ ಒಂದೊಂದನ್ನೇ ಎತ್ತಿ ನೆಟ್ಟಗೆ ಮಾಡತೊಡಗಿತು. ನೆಟ್ಟಗೆ ಮಾಡಿದ್ದು ಬೀಳುತ್ತಿತ್ತು, ಬಿದ್ದದ್ದನ್ನು ಅದು ಎತ್ತುತ್ತಿತ್ತು.

"ಲೋ, ಯಾರ್ದೋ ಅದು ಬೈಕು! ಹಿಡ್ಕಳ್ರೋ!" ಎಂದು ಒಂಬತ್ತು ಜನ ಒಟ್ಟಿಗೆ ಎದ್ದರು.

"ಚೆಲುವಾ, ಆಫ್ ಮಾಡೋ! ಕೀಲಿ ತಿರುಗ್ಸೋ!"

"ಕೀಲಿಗೂ ಇದಕ್ಕೂ ಸಂಬಂಧ ಇಲ್ಲ ಭಾವ! ಬೈಕು ಬೀಳೋದೇ ಆಫ್ ಮಾಡಿದ ಮೇಲೆ ತಾನೇ? ಆಗಲೇ ಇದೂ ಆಫ್ ಆದ್ರೆ ಹೆಂಗೆ?"

ಮಾತು ನ್ಯಾಯವಾಗಿತ್ತು. ಅದೇ ನನಗೆ ಉರಿ.

"ನಿಲ್ಸೋದು ಹೆಂಗೋ ಹಂಗಾದ್ರೆ?"

"ಮೇಲೆ ಕೂತ್ರೆ ಕಾಲು ಮಡಚ್ಕೊಳ್ಳುತ್ತೆ!"

ನಾನು ಹಾರಿ ಕೂತೆ. ಕಾಲು ಮಡಚಿಕೊಂಡಿತು. ಚೆಲುವರಾಜ ಹಿಂದೆ ಹತ್ತಿದ. ಒಂಬತ್ತು ಜನ ಸೇರಿ ನಮ್ಮ ವಂಶವನ್ನು ಹೊಗಳುತ್ತಿರುವಾಗ ನಾವು ಕೈಮರ ದಾಟಿದೆವು. ಕೈ ಹಿಂದೆ ಹಾಕಿ ಮಲಾರ ಮುಟ್ಟಿ ನೋಡಿದೆ. ಒಂದು ಬಳೆಯೂ ಹೆಚ್ಚಿರಲಿಲ್ಲ! ಅದೊಂದು ಮಾತ್ರ ಒಪ್ಪಬೇಕು.

ರಸ್ತೆಯ ಪಕ್ಕ ನಿಂತು, ಬೈಕಿನ ಮೇಲಿಂದ ಇಳಿಯದೆಯೇ ಕನಕಮ್ಮನಿಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ.

"ರೀ, ಅದು ಕಲ್ತಿದ್ದು ಎಲ್ಲಿ? ನಮ್ಮ ನಡುಮನೇಲಿ ತಾನೇ?"

"ಹೂಂ."

"ನಮ್ಮನೇಲಿ ಯಾವುದಾದ್ರೂ ಒಂದು ವಸ್ತು ಒರಗಿ ನಿಂತಿರೋದು ನೀವು ಹುಟ್ಟಿದಾಗಿಂದ ಕಂಡಿದೀರಾ?"

ನನಗೆ ಆಗ ಹೊಳೆಯಿತು. ಬಳೆಗಾರರ ಮನೆಯಲ್ಲಿ ಒನಕೆಯನ್ನು ಗೋಡೆಗೆ ಒರಗಿಸುವ ಹಾಗಿಲ್ಲ. ಏಣಿ ಒರಗಿಸುವ ಹಾಗಿಲ್ಲ. ಪೊರಕೆ, ಕೊಡೆ, ಕೋಲು, ಮಣೆ ಎಲ್ಲವೂ ನೆಲದ ಮೇಲೆ ಮಲಗಿರಬೇಕು, ಇಲ್ಲ ಗೂಟಕ್ಕೆ ನೇತಾಡಬೇಕು. ಒರಗಿಸಿದ್ದು ಜಾರಿದರೆ ಬೀಳುವುದು ಬಳೆಯ ಮೇಲೆ. ನಮ್ಮಜ್ಜಿಯ ಕಾಲದ ಕಟ್ಟುನಿಟ್ಟು. ಇಪ್ಪತ್ತೊಂದು ದಿನದಲ್ಲಿ ಆ ಯಂತ್ರ ಒರಗಿದ್ದನ್ನು ಒಂದೇ ಒಂದು ಸಲ ನೋಡಿದ್ದು. ಕನಕಮ್ಮನ ಸೋದರತ್ತೆ ಬಂದು ಊರುಗೋಲು ಗೋಡೆಗೆ ಒರಗಿಸಿದ್ದರು, ಅದು ಜಾರಿ ನಾಲ್ಕು ಡಜನ್ ಬಳೆ ಹೆಚ್ಚಿದ್ದವು.

"ಒರಗಿದ್ದೆಲ್ಲ ಬೀಳುತ್ತೆ ಅಂತ ಕಲ್ತ್‌ಬಿಟ್ಟೈತೆ!" ಎಂದೆ.

"ಪ್ರಪಂಚವೇ ಒರಗ್ಕಂಡು ನಿಂತಿದೆ ಅಂತ ಅದಕ್ಕೇನು ಗೊತ್ತು, ಪಾಪ," ಎಂದಳು ಕನಕಮ್ಮ. "ವಾಪಸ್ ಬನ್ನಿ, ಬಸ್ಸಲ್ಲಿ ಹೋಗಿ."

"ಬಸ್ಸು ಹೋಗಾಯ್ತು. ಹನ್ನೊಂದಕ್ಕೆ ಮುಹೂರ್ತ."

"ಹಂಗಾದ್ರೆ ನನ್ನ ತಮ್ಮನ್ನ ಅದರ ಮೇಲಿಂದ ಇಳಿಸ್ಬೇಡಿ. ಏನೇ ಆಗ್ಲಿ, ಇಳಿಸ್ಬೇಡಿ!"

*

ಗೆಜ್ಜೆಗುಂಟೆ ಹತ್ತಿರವಾದಂತೆ ನನ್ನ ಕಣ್ಣಿಗೆ ಬಿದ್ದದ್ದೆಲ್ಲ ಒರಗಿದ್ದೇ. ಮರಕ್ಕೆ ಒರಗಿದ ನೇಗಿಲು, ಗೋಡೆಗೆ ಒರಗಿದ ಗಾಡಿಚಕ್ರ, ಕಂಬಕ್ಕೆ ಒರಗಿದ ಹೆಂಗಸರು, ಎಡಕ್ಕೆ ವಾಲಿದ ಹುಲ್ಲುಮೆದೆ. ಐವತ್ತು ವರ್ಷ ಆ ಊರಿಗೆ ಹೋಗಿದ್ದೇನೆ, ಊರು ಇಷ್ಟು ವಾಲಿದೆ ಎಂದು ಅವತ್ತೇ ಗೊತ್ತಾದದ್ದು. ಗೌಡರ ಮನೆಯ ಮುಂದೆ ದೊಡ್ಡ ಚಪ್ಪರ. ಕಂಬಗಳನ್ನು ಅರ್ಧ ಮೊಳ ಹೂತು, ಒಂದರ ಮೇಲೊಂದು ಭಾರ ಹಾಕಿ ನಿಲ್ಲಿಸಿದ್ದರು. ಹಳ್ಳಿಯ ಚಪ್ಪರ ಯಾವಾಗಲೂ ಹಾಗೆಯೇ. ಒಂದು ಇನ್ನೊಂದನ್ನು ನಂಬಿ ನಿಂತಿರುತ್ತದೆ.

ಚಪ್ಪರದಿಂದ ಸ್ವಲ್ಪ ದೂರದಲ್ಲಿ ನಿಲ್ಲಿಸಿ ನಾನು ಇಳಿದೆ. "ಚೆಲುವಾ, ನೀನು ಮುಂದಕ್ಕೆ ಸರಿದು ಕೂತ್ಕೋ. ನಾನು ಮಲಾರ ಬಿಚ್ಚೋವರೆಗೂ ಅಲ್ಲಾಡಬೇಡ."

"ಆಯ್ತು ಭಾವ."

ಗಂಟು ಬಿಚ್ಚುತ್ತಿದ್ದೆ. ಅಷ್ಟರಲ್ಲಿ ದೇವೀರಮ್ಮ ಬಂದರು. ಎಪ್ಪತ್ತರ ಹತ್ತಿರ ವಯಸ್ಸು. ಬೆನ್ನು ಎರಡಾಗಿ ಮಡಚಿ, ಕೋಲಿನ ಮೇಲೆ ಭಾರ ಹಾಕಿ, ನೆಲವನ್ನೇ ನೋಡಿಕೊಂಡು ನಡೆಯುತ್ತಾರೆ. ಹಿಂದೆ ಇಬ್ಬರು ಹೆಂಗಸರು ನೀರಿನ ಚೊಂಬು, ಪಾನಕದ ಲೋಟ ಹಿಡಿದಿದ್ದರು.

"ಬಂದ್ಯಾ ಬಳೇಶೆಟ್ಟಿ? ಇವರ್ಯಾರು ಇನ್ನೊಬ್ರು?"

"ನನ್ನ ಬಾಮೈದ ಗೌಡ್ತಮ್ಮ."

"ಇಳಿಯಪ್ಪ. ಕಾಲು ತೊಳ್ಕೊಂಡು ಪಾನಕ ಕುಡಿ. ಆಮೇಲೆ ಮಲಾರ ಇಳಿಸೋದು."

"ಇಲ್ಲಮ್ಮ, ಅವನು ಅಲ್ಲೇ ಕೂತಿರ್ತಾನೆ, ಅವನಿಗೆ ಬೈಕಂದ್ರೆ ಪ್ರಾಣ."

"ಸೀಮಂತದ ಮನೆ ಮುಂದೆ ಬಳೆಗಾರನ ನೆಂಟ ಗಾಡಿ ಮ್ಯಾಲೆ ಕುಂತ್ಕೊಂಡು ಪಾನಕ ಬ್ಯಾಡ ಅನ್ನೋದಾ? ಏನ್ ಮಾತು ಅಂತ ಆಡ್ತೀಯ! ಇಳೀತೀಯೋ ಇಲ್ವೋ ಮಗಾ?"

ಗೌಡತಿಯ ಮಾತು. ಇಳಿಯದೆ ಇದ್ದರೆ ಅಪಶಕುನ, ಇಳಿದರೆ ಅನಾಹುತ. ಚೆಲುವರಾಜ ನನ್ನ ಮುಖ ನೋಡಿದ, ಪಾನಕ ನೋಡಿದ, ಇಳಿದ.

ಮಲಾರ ಇನ್ನೂ ಬೈಕಿನ ಮೇಲೇ ಇತ್ತು.

ಗಿರ್ ಎಂದು ಬುಗುರಿಯ ಸದ್ದು ಏರಿತು. ಕಣ್ಣು ಮೊದಲು ಕಂಡದ್ದು ದೇವೀರಮ್ಮನವರನ್ನೇ! ಕಾಲು ಚಾಚಿ, ಬಲು ನಯವಾಗಿ, ನಾಲ್ಕು ಬೆರಳನ್ನೂ ಅವರ ಭುಜದ ಕೆಳಗೆ ಕೊಟ್ಟು, ಇಷ್ಟಿಷ್ಟೇ ಎತ್ತಿ, ಆ ಮುದುಕಿಯನ್ನು ನೆಟ್ಟಗೆ ನಿಲ್ಲಿಸಿಬಿಟ್ಟಿತು.

ನಾನು ಕಣ್ಣು ಮುಚ್ಚಿಕೊಂಡೆ.

"ಲೇ!" ಎಂದು ದೇವೀರಮ್ಮನವರ ದನಿ ಕೇಳಿಸಿತು. "ಚಪ್ಪರಕ್ಕೆ ಮಾವಿನಸೊಪ್ಪೇ ಕಟ್ಟಿಲ್ಲವಲ್ರೋ! ನಾನು ನೆಲ ನೋಡ್ಕಂಡು ಓಡಾಡ್ತೀನಿ ಅಂತ ಹಿಂಗೆ ಮೋಸ ಮಾಡ್ತಿದ್ರಾ?"

"ನೋವಾಯ್ತಾ ಅವ್ವಾ?" ಎಂದು ಮಗ ಓಡಿಬಂದ.

"ಸುಮ್ಕಿರು! ಹನ್ನೆರಡು ವರ್ಷ ಆಗಿತ್ತು ನನ್ನ ಮನೆ ಸೂರು ನಾನು ನೋಡಿ. ಹೆಂಚು ಸರಿದಿದೆ, ಅದನ್ನೂ ಯಾರೂ ಹೇಳಿಲ್ಲ."

ಅವರು ಇನ್ನೂ ಬೈಯುತ್ತಿರುವಾಗಲೇ ಬೈಕಿನ ಕಣ್ಣು ಚಪ್ಪರದ ಕಡೆ ತಿರುಗಿತು.

"ಚೆಲುವಾ, ಹತ್ತೋ! ಹತ್ತೋ ಅದನ್ನ!"

ಚೆಲುವರಾಜ ಪಾನಕದ ಲೋಟ ಹಿಡಿದೇ ನೆಗೆದ. ಬೈಕು ಆಗಲೇ ಉರುಳಿತ್ತು. ಅವನು ಕೂತದ್ದು ನೆಲದ ಮೇಲೆ. ಬಳೆ ಪೆಟ್ಟಿಗೆ, ಮಲಾರ ಹೊತ್ತುಕೊಂಡು ಬೈಕು ನಲವತ್ತು ಜನ ಹೆಂಗಸರ ನಡುವೆ ಚಪ್ಪರದೊಳಗೆ ನುಗ್ಗಿತು. ಮೊದಲ ಕಂಬ ಸ್ವಲ್ಪ ವಾಲಿತ್ತು, ನೆಟ್ಟಗೆ ಮಾಡಿತು. ಆ ಕಂಬವನ್ನು ನಂಬಿದ್ದ ಎರಡನೆಯ ಕಂಬ ಸಡಿಲವಾಯಿತು. ಎರಡನೆಯದನ್ನು ನೆಟ್ಟಗೆ ಮಾಡಿತು, ಮೂರನೆಯದು ಹೋಯಿತು. ಮೂಲೆಗಳೆಲ್ಲ ಕಿರ್ರ್ ಎಂದವು. ತೆಂಗಿನಗರಿಯ ಇಡೀ ಸೂರು ಒಂದು ಕಡೆಗೆ ಜಾರಿ ಕೆಳಗಿಳಿಯತೊಡಗಿತು. ನಟ್ಟನಡುವೆ ಮಣೆಯ ಮೇಲೆ ಹೇಮಾವತಿ ಕೂತಿದ್ದಳು.

ಯಾರೋ ಚೀರಿದರು. ಹೇಮಾವತಿ ಎರಡೂ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

ಬೈಕು ಮೂರೂ ಕಂಬ ಬಿಟ್ಟು ನಡುಮಧ್ಯಕ್ಕೆ ಹಾರಿದ ಹಾಗೆ ಬಂತು. ಕಾಲು ಮೇಲಕ್ಕೆ ಚಾಚಿತು. ಒಂದರೊಳಗಿಂದ ಒಂದು, ಅದರೊಳಗಿಂದ ಇನ್ನೊಂದು. ನಾಲ್ಕು ಬೆರಳು ಅಗಲಿಸಿ ನಡುತೊಲೆಯನ್ನು ಕಚ್ಚಿ ಹಿಡಿಯಿತು. ಸೂರು ಹೇಮಾವತಿಯ ತಲೆಯಿಂದ ಒಂದು ಮೊಳ ಮೇಲೆ ನಿಂತಿತು. ಆಮೇಲೆ ಮೆಲ್ಲಗೆ, ಬಾವಿಯಿಂದ ಕೊಡ ಸೇದಿದ ಹಾಗೆ, ಮೇಲಕ್ಕೆ ಹೋಯಿತು.

ಝಣ್!

ಬಳೆಯ ಸದ್ದು. ನಲವತ್ತು ಹೆಂಗಸರೂ ನನ್ನ ಕಡೆ ತಿರುಗಿದರು. ನಾನು ಹಿಂದಕ್ಕೆ ಕೈ ಚಾಚಿ ಹುಡುಕಿದೆ. ಒರಗಲು ಏನೂ ಇರಲಿಲ್ಲ.

ದೇವೀರಮ್ಮ ಯಾರ ಕೈಯನ್ನೂ ಹಿಡಿಯದೆ ನಡೆದುಬಂದರು. ಬೈಕಿನ ಸುತ್ತ ಬಗ್ಗಿ ನೆಲ ನೋಡಿದರು. ಪೆಟ್ಟಿಗೆ ತೆಗೆಸಿದರು. ಒಂದೊಂದು ಸಾಲನ್ನೂ ಬೆರಳಿನಿಂದ ಸವರಿದರು. ಮಲಾರದ ಹಗ್ಗ ಹಗ್ಗವನ್ನೂ ಎತ್ತಿ ನೋಡಿದರು. ಇಷ್ಟು ಹೊತ್ತು ನನ್ನ ಬಾಳಿನಲ್ಲಿ ಯಾರೂ ಬಳೆ ನೋಡಿದ್ದಿಲ್ಲ.

"ಅಲ್ಲಾಡಿದ್ದು ಅಷ್ಟೆ," ಎಂದರು. "ಒಂದೂ ಹೆಚ್ಚಿಲ್ಲ!"

ನನಗೆ ಅಳು ಬಂತು. ಬೆವರು ಒರೆಸಿಕೊಳ್ಳುವವನಂತೆ ಟವೆಲಿನಲ್ಲಿ ಮುಖ ಮುಚ್ಚಿಕೊಂಡೆ. ಚೆಲುವರಾಜ ಮಾತ್ರ ಮೈಮೇಲೆಲ್ಲ ಪಾನಕ ಮಾಡಿಕೊಂಡು, "ನಾನು ಮೊದಲೇ ಹೇಳಿರ್ಲಿಲ್ವಾ!" ಎಂದು ಸುತ್ತಲೂ ನೋಡುತ್ತಿದ್ದ. ಅವನು ಏನು ಹೇಳಿದ್ದ ಎಂದು ಯಾರಿಗೂ ಗೊತ್ತಿರಲಿಲ್ಲ, ಆದರೂ ಎಲ್ಲರೂ ಹೌದೌದು ಎಂದರು.

ಹನ್ನೊಂದಕ್ಕೆ ಸರಿಯಾಗಿ ಚಾಪೆಯ ಮೇಲೆ ಕೂತು ಹೇಮಾವತಿಯ ಕೈ ಹಿಡಿದೆ. ಮಂಜುಗಡ್ಡೆಯ ಹಾಗೆ ತಣ್ಣಗಿತ್ತು.

"ಕೈ ಸಡಿಲ ಬಿಡು ತಾಯಿ."

"ಇದು ಬೀಳಲ್ವಾ ಶೆಟ್ರೆ?" ಎಂದು ಅವಳು ಮೇಲೆ ನೋಡಿದಳು.

"ಇದಕ್ಕೆ ಬೀಳೋದು ಅನ್ನೋದನ್ನ ಕಂಡ್ರೇ ಆಗಲ್ಲ ತಾಯಿ. ಬೀಳ್ದೆ ಇರೋದನ್ನೂ ಬಿಡಲ್ಲ. ನೀನು ಧೈರ್ಯವಾಗಿರು."

ಅವಳು ನಕ್ಕಳು. ಕೈ ಬೆಣ್ಣೆಯಾಯಿತು. ಹಸಿರು ಬಳೆ ಒಂದೊಂದಾಗಿ ಗೆಣ್ಣು ದಾಟಿ ಇಳಿದವು. ಕೊನೆಯದು ಇಳಿದಾಗ ಹೆಂಗಸರು ಸೋಬಾನೆ ಎತ್ತಿದರು. ಹೇಮಾವತಿ ಆಯಾಸಕ್ಕೆ ಅತ್ತೆ ದೇವೀರಮ್ಮನವರ ಹೆಗಲಿಗೆ ತಲೆ ಒರಗಿಸಿದಳು. ಬೈಕಿನ ಕಣ್ಣು ಅದನ್ನು ನೋಡಿತು. ಕಾಲು ಬಿಡುವಂತಿರಲಿಲ್ಲ. ಗಿರ್ ಗಿರ್ ಎಂದು ಸಂಕಟಪಟ್ಟು ಸುಮ್ಮನಾಯಿತು. ಒರಗಿಯೂ ಬೀಳದೆ ಇರುವುದನ್ನು ಅದು ನೋಡಿದ್ದು ಬಹುಶಃ ಅದೇ ಮೊದಲು.

*

ಕಾರ್ಯ ಮುಗಿದ ಮೂರನೇ ದಿನ ಚಪ್ಪರ ಬಿಚ್ಚಲು ನಾಲ್ಕು ಜನ ಬಂದರು. ಒಂದು ಕಂಬ ಕಿತ್ತರು. ಸೂರು ಇಷ್ಟು ವಾಲಿತು, ಭದ್ರಪಾದ ನೆಟ್ಟಗೆ ಮಾಡಿತು. ಇನ್ನೊಂದು ಕಿತ್ತರು, ಮತ್ತೆ ನೆಟ್ಟಗೆ. ಸಂಜೆಯ ಹೊತ್ತಿಗೆ ಎಲ್ಲ ಕಂಬಗಳನ್ನೂ ಕಿತ್ತು ಕೊಟ್ಟಿಗೆಗೆ ಸಾಗಿಸಿದ್ದರು. ಚಪ್ಪರ ಮಾತ್ರ ಒಂದು ಬೈಕಿನ ಒಂದು ಕೋಳಿಕಾಲಿನ ಮೇಲೆ ದೊಡ್ಡ ಕೊಡೆಯ ಹಾಗೆ ನಿಂತೇ ಇತ್ತು! ಗಾಳಿ ಬಂದರೆ ಗಾಳಿಯ ಕಡೆಗೆ ಸ್ವಲ್ಪ ಬಾಗುತ್ತದೆ, ಮಳೆ ಬಂದರೆ ನೀರು ಒಂದು ಕಡೆಗೆ ಸುರಿಸುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಬೈಕಿನ ಮೇಲೆ ಹತ್ತಿ ಕೂರೋಣವೆಂದರೆ, ಕಾಲು ಮಡಚಿ ಸೂರು ತಲೆಯ ಮೇಲೇ ಬಿದ್ದೀತೆಂದು ಯಾರಿಗೂ ಧೈರ್ಯವಿಲ್ಲ.

"ಬ್ಯಾಟ್ರಿ ಮುಗಿದಾಗ ತಾನೇ ಇಳಿಯುತ್ತೆ," ಎಂದ ಚೆಲುವರಾಜ. ದೇವೀರಮ್ಮ ಆ ಮಾತು ಕೇಳಿ ಅವತ್ತೇ ಮನೆಯಿಂದ ಅದಕ್ಕೊಂದು ಕರೆಂಟಿನ ವೈರು ಎಳೆಸಿದರು.

ಹೇಮಾವತಿಗೆ ಹೆಣ್ಣುಮಗು ಹುಟ್ಟಿತು. ನಾಮಕರಣ ಅದೇ ಚಪ್ಪರದಲ್ಲಿ. ಈಗ ಸುತ್ತಣ ಐದಾರು ಹಳ್ಳಿಯ ಸೀಮಂತ, ಮದುವೆಯ ಬಳೆ ಎಲ್ಲ ಅಲ್ಲೇ ಆಗಬೇಕು ಎಂದು ಹೆಂಗಸರ ಹಟ. ಅಲ್ಲಿ ತೊಟ್ಟ ಬಳೆ ಹೆಚ್ಚುವುದಿಲ್ಲವಂತೆ. ಗೆಜ್ಜೆಗುಂಟೆ ಒಂದು ಕೈತಪ್ಪೀತೆಂದು ಹೆದರಿದವನಿಗೆ ಈಗ ಕೂತಲ್ಲಿಂದ ಏಳಲು ಪುರುಸೊತ್ತಿಲ್ಲ. ದೇವೀರಮ್ಮ ದಿನಾ ಬೆಳಿಗ್ಗೆ ಬಂದು ಬೈಕಿನ ಎದುರು ನಿಂತು, "ಎತ್ತಪ್ಪ" ಎನ್ನುತ್ತಿದ್ದರು. ಅದಕ್ಕೆ ಬಿಡುವಿಲ್ಲ ಎಂದು ಗೊತ್ತಾದ ಮೇಲೆ ತಾವೇ ನೆಟ್ಟಗಾಗಲು ಕಲಿತಿದ್ದಾರೆ. ಅಂದಿನಿಂದ ಆ ಮನೆಯಲ್ಲಿ ಯಾವ ಹೆಂಚೂ ಸರಿದಿಲ್ಲ.

ಬೈಕು ಹೋದ ಮೇಲೆ ನಾನು ಅಪ್ಪನ ಸೈಕಲ್ಲನ್ನು ಹೊರಗೆ ತೆಗೆದಿದ್ದೇನೆ. ಅದಕ್ಕೆ ಸ್ಟ್ಯಾಂಡೇ ಇಲ್ಲ, ಹೋದ ಊರಲ್ಲಿ ಮರಕ್ಕೋ ಗೋಡೆಗೋ ಒರಗಿಸುತ್ತೇನೆ. ಗೆಜ್ಜೆಗುಂಟೆಗೆ ಹೋದಾಗ ಮಾತ್ರ ಮಲಾರ ಇಳಿಸಿಕೊಂಡು, ಅದನ್ನು ನೆಲದ ಮೇಲೆ ಅಡ್ಡ ಮಲಗಿಸಿ ಚಪ್ಪರದೊಳಗೆ ಹೋಗುತ್ತೇನೆ. ಬಿದ್ದದ್ದನ್ನು ಎತ್ತಿದರೂ, ನಮ್ಮ ಮನೆಯಲ್ಲಿ ಕಂಡ ಹಾಗೆ ಮಲಗಿಸಿದ್ದರ ಗೋಜಿಗೆ ಭದ್ರಪಾದ ಇನ್ನೂ ಬಂದಿಲ್ಲ.